ಇವತ್ತಿನ ರೇಟು

ಪ್ರಿಂಟರಿನ ಕಿರುಚಾಟ ನಿಂತ ಕೂಡಲೇ ಕೊಟ್ರಬಸಮ್ಮ ಕಾಗದ ಹರಿದು ನೋಡಿದಳು. ಸೋನಾ ಅಕ್ಕಿಗೆ ಒಂದಲ್ಲ, ಎರಡು ರೇಟು! ಮೇಲೆ ಹೋದ ವಾರದ್ದು, ಅದರ ಕೆಳಗೆ ಇವತ್ತಿನದು.

"ಎರ್ರಿಸ್ವಾಮಿಯವರ, ಇದೇನ್ರಿ ಇದು?"

ಅವನು ಓಡಿ ಬಂದ. ಸಿರುಗುಪ್ಪದ ಹುಡುಗ. ಆಳು ನೋಡಿದರೆ ಆರಡಿ, ಅವಳ ಮುಂದೆ ನಿಂತರೆ ಬಾಯಿ ಒಣಗುತ್ತಿತ್ತು.

ಎಂಬತ್ತೆಂಟನೇ ಇಸವಿಯ ಮಾತು ಇದು. ಬಳ್ಳಾರಿಯ ಅಕ್ಕಿ ವ್ಯಾಪಾರಿ ಚಿದಾನಂದಪ್ಪನವರ ಆಫೀಸಿಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಪ್ರತಿ ಶನಿವಾರ ಹೊರಗಿನ ಅಂಗಡಿಗಳಿಗೆ ಹೋಗುವ ಪತ್ರ ಕೊಟ್ರಬಸಮ್ಮನ ಕೆಲಸ. ರೇಟುಗಳನ್ನು ಬೇರೊಂದು ಫೈಲಿನಲ್ಲಿ ಬರೆದಿಡುವುದು ಎರ್ರಿಸ್ವಾಮಿಯ ಕೆಲಸ. ಪತ್ರದ ನಡುವೆ ಒಂದು ಚುಕ್ಕಿ, ಎಫ್, ಐ, ಮುಂದೆ ಆ ಫೈಲಿನ ಹೆಸರು ಹಾಕಿದರೆ ಮುಗಿಯಿತು. ಪರದೆಯ ಮೇಲೆ ಕಾಣುವುದು ಬರೀ ಹೆಸರು. ಪ್ರಿಂಟ್ ಹೊಡೆಯುವ ಹೊತ್ತಿಗೆ ಆ ಫೈಲಿನಲ್ಲಿ ಏನಿದೆಯೋ ಅದೇ ಪತ್ರದೊಳಗೆ ಬಂದು ಕೂರುತ್ತಿತ್ತು.

ಈ ಪುಣ್ಯಾತ್ಮನಿಗೆ ಅದರ ಮೇಲೆ ನಂಬಿಕೆಯೇ ಇಲ್ಲ.

"ಬರೀ ಹೆಸರಷ್ಟ ಕಾಣಕತ್ತಿತ್ತರಿ. ಪತ್ರ ಖಾಲಿ ಹೋದೀತು ಅಂತ ಅಂಜಿಕಿ ಆತು. ಇವತ್ತಿನ ರೇಟು ಆಗಿನ್ನೂ ಬಂದಿದ್ದಿಲ್ಲ, ಹೋದ ವಾರದ್ದು ನೋಡಿ ನಾನ ಟೈಪ್ ಮಾಡಿಟ್ಟೆ."

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಇವತ್ತು ಸಿಟ್ಟು ನೆತ್ತಿಗೇರಿತು. ಸೋಮವಾರದಿಂದ ಅವನಿಗೆ ಸಿರುಗುಪ್ಪದ ಅಂಗಡಿಯಲ್ಲಿ ಕೆಲಸ ಎಂದು ಸಾಹುಕಾರರು ಬೆಳಿಗ್ಗೆಯಷ್ಟೇ ಹೇಳಿದ್ದರು. ಇವತ್ತು ಬಾಯಿ ಬಿಡದಿದ್ದರೆ ಇನ್ನು ಯಾವತ್ತು ಬಿಟ್ಟಾನು?

ಹೋದ ವರ್ಷ ಒಮ್ಮೆ ಬಿಟ್ಟಿದ್ದ. ಅವಳು ತನ್ನೂರು ಕುರುಗೋಡಿನ ಬಸ್ಸಿಗೆ ಕಾಯುತ್ತಿದ್ದಾಗ ಬಂದು, "ನಿಮ್ಮನ್ನ ಲಗ್ನ ಆಗಬೇಕಂತ ಆಸಿ ಐತ್ರಿ" ಅಂದಿದ್ದ. ಮನೆಯಲ್ಲಿ ಅಕ್ಕನ ಮದುವೆಯೇ ಆಗಿರಲಿಲ್ಲ. ಗಾಬರಿಯಲ್ಲಿ "ಬ್ಯಾಡ್ರಿ" ಎಂದು ಬಸ್ ಹತ್ತಿಬಿಟ್ಟಿದ್ದಳು. ಆಮೇಲೆ ಅಕ್ಕನ ಮದುವೆಯಾಯಿತು, ಆ ಮದುವೆಯ ಲಾಡು ಅವನೇ ಚಪ್ಪರಿಸಿ ತಿಂದ. ಆದರೂ ತುಟಿ ಪಿಟಕ್ಕೆನ್ನಲಿಲ್ಲ. ಕದ್ದು ಕದ್ದು ನೋಡುವುದೇನು, ಅವಳು ತಿರುಗಿದರೆ ಫ್ಯಾನ್ ನೋಡುವುದೇನು! ಆ ಫ್ಯಾನಿನ ಭಾಗ್ಯ ತನಗಿಲ್ಲವಲ್ಲ ಎಂದು ಅವಳ ಜೀವ ಚುರುಕ್ಕೆನ್ನುತ್ತಿತ್ತು.

"ಹೋದ ವಾರದ್ದನ್ನ ಯಾಕ ಹಿಡ್ಕೊಂಡು ಕುಂದರತೀರಿ?" ಎಂದಳು. "ದಿನಾ ಬದಲಾಗತೈತಿ ಅಂತನ ಅದನ್ನ ಬ್ಯಾರೆ ಇಟ್ಟಿರೋದು."

"ತಪ್ಪಾತ್ರಿ. ಅಳಸ್ತೀನಿ."

"ಪತ್ರದಾಗ ಅಳಸ್ತೀರಿ. ಮನಸಿನಾಗ?"

ಅವನ ಬೆರಳು ಕೀಲಿಯ ಮೇಲೆಯೇ ನಿಂತಿತು. "ಏನಂದ್ರಿ?"

"ಹೋದ ವರ್ಷ ಒಂದು ಮಾತಂದಿದ್ದೆ. ಅದನ್ನ ಬರ್ಕೊಂಡು ಕುಂತೀರಲ್ಲ, ಇವತ್ತು ಏನೈತಿ ಅಂತ ಯಾವತ್ತರ ಕೇಳೀರೇನು?" ಅಂದವಳಿಗೆ ಕಣ್ಣು ತುಂಬಿ ಬಂತು. ಅಯ್ಯೋ, ಇಷ್ಟು ಬಿಡಿಸಿ ಹೇಳಬೇಕಾಯಿತಲ್ಲ!

ಅವನು ಈ ಸಲ ಫ್ಯಾನ್ ನೋಡಲಿಲ್ಲ. ಅವಳ ಕಣ್ಣು, ಕಣ್ಣಂಚಿನ ನೀರು, ಕೆನ್ನೆಗೆ ಅಂಟಿದ ಒಂದೆಳೆ ಕೂದಲು, ಎಲ್ಲವನ್ನೂ ನಿಧಾನವಾಗಿ ನೋಡಿದ. ಅವಳ ಕಿವಿ ಬಿಸಿಯಾಯಿತು.

"ಇನ್ನೊಮ್ಮಿ ಬ್ಯಾಡ ಅಂದ್ರ ತಡ್ಕೊಳ್ಳಾಕ ಆಗಲ್ಲ ಅಂತ ಸುಮ್ನಿದ್ದೆರಿ," ಎಂದ. "ಈಗ ಕೇಳ್ತೀನಿ. ನನ್ನ ಲಗ್ನ ಆಗ್ತೀರೇನು?"

"ಹ್ಞೂಂ."

"ಏನಂದ್ರಿ?"

"ಹ್ಞೂಂ ಅಂದೆ. ಕಿವಿ ಕೇಳಲ್ಲೇನು?"

ಒಳಗಿನಿಂದ ಚಿದಾನಂದಪ್ಪನವರು ಕೂಗಿದರು. "ಲೇ ಎರ್ರಿಸ್ವಾಮಿ, ಪತ್ರ ಆತೇನಲೇ?"

"ಆತ್ರಿ ಸಾಹುಕಾರ್ರ, ಎಲ್ಲಾ ಆತ್ರಿ!" ಎಂದು ಅವನು ಇಡೀ ಬಜಾರಿಗೆ ಕೇಳುವಂತೆ ಕೂಗಿದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

"ನಾಳೆ ಕುರುಗೋಡಿಗೆ ಬಂದು ನಿಮ್ಮಪ್ಪಾರನ್ನ ಕೇಳ್ತೀನ್ರಿ. ಮನಿ ಎಲ್ಲಿ ಬರತೈತಿ?"

"ನಾನ ಬಸ್‌ಸ್ಟ್ಯಾಂಡಿಗೆ ಬಂದು ನಿಂತಿರ್ತೀನಿ."

"ಅಲ್ಲರಿ, ಊರ ಮಂದಿ ನೋಡ್ತಾರ."

"ನೋಡ್ಲಿ ಬಿಡ್ರಿ," ಎಂದಳು ಕೊಟ್ರಬಸಮ್ಮ. "ನೀವು ಬಸ್ ಇಳೀರಿ ಸಾಕು."