ಹೊಟ್ಟೆ ತುಂಬದ ಕೌದಿ

“ಎಲ್ಲಿಂದರ ಸುರು ಮಾಡು ತಂಗಿ. ಯಾವ ಸಾಮಾನರ ಹೊರಗ ಒಗಿ. ಆ ರಾಶಿ ತಳದಾಗಿನ ಕೌದಿಗೆ ಮಾತ್ರ ಕೈ ಹಚ್ಚಬ್ಯಾಡ. ಅದರ ಹೊಟ್ಟಿ ಇನ್ನೂ ತುಂಬಿಲ್ಲ.”

ಪಕ್ಕದ ಮನೆಯ ಹುಲಿಗೆವ್ವ ಹೊಸ್ತಿಲು ದಾಟದೆ, ಬಾಗಿಲ ಚೌಕಟ್ಟಿಗೆ ಕೈಯೂರಿ ಈ ಮಾತು ಹೇಳಿದಾಗ ಸುನಂದಾ ಸೆರಗಿನಿಂದ ಮೂಗೊರೆಸಿಕೊಳ್ಳುತ್ತ ನಕ್ಕುಬಿಟ್ಟಳು. ಮುದ್ದೇಬಿಹಾಳದ ಆ ಓಣಿಯ ಅರ್ಧ ಮನೆಗಳಿಗೆ ಹಳೆಯ ಸೀರೆ ಅಂಗಿಗಳ ಕೌದಿ ಹೊಲಿದುಕೊಟ್ಟ ಮುದುಕಿ ಆಕೆ. ಐವತ್ತು ವರ್ಷ ಸೂಜಿ ಚುಚ್ಚಿಸಿಕೊಂಡ ಅವಳ ಬೆರಳ ತುದಿಗಳು ಕಪ್ಪಾಗಿ ಗಟ್ಟಿಯಾಗಿದ್ದವು.

“ಕೌದಿಗೂ ಊಟಾ ಬೇಕೇನ ಆಯಿ? ಹಂಗಾರ ರೇಶನ್ ಕಾರ್ಡಿನಾಗ ಅದರ ಹೆಸರೂ ಬರಸೋಣು.”

“ನಗು. ನೀನೂ ಸೂಜಿ ಹಿಡದಾಕಿ, ನಾನೂ ಸೂಜಿ ಹಿಡದಾಕಿ. ನಿನ್ನ ಸೂಜಿ ಏನ ಮಾಡತೈತಿ ನನಗ ಗೊತ್ತೈತಿ. ನಂದು ಏನ ಮಾಡತೈತಿ, ಅದು ನಿನಗ ಗೊತ್ತಿಲ್ಲ.”

“ಹೇಳು ಮತ್ತ.”

“ಅಂಥಾ ಮಾತು ಈ ಮನ್ಯಾಗ ಆಡಬಾರದು,” ಎಂದಳು ಹುಲಿಗೆವ್ವ. ಒಳಕೋಣೆಯ ಕಡೆಗೊಮ್ಮೆ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೊರಟುಹೋದಳು.

ಇಂಡಿ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷ ದಾದಿಯಾಗಿ ದುಡಿದವಳು ಸುನಂದಾ. ಸಾವನ್ನು ಹತ್ತಿರದಿಂದ ಕಂಡವಳಿಗೆ ದೆವ್ವದ ಮಾತು ಅಗ್ಗವಾಗಿ ಕೇಳಿಸುತ್ತಿತ್ತು. ನಾಲ್ಕು ದಿನ ರಜೆ ಹಾಕಿ, ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ಉರಿಬಿಸಿಲಿನಲ್ಲಿ ಅವಳು ತಮ್ಮನ ಮನೆಗೆ ಬಂದಿದ್ದು ಒಂದೇ ಕಾರಣಕ್ಕೆ. ತಮ್ಮ ಸಂಜೀವಕುಮಾರನ ಹೆಂಡತಿ ವಿದ್ಯಾವತಿ ಕಳೆದ ಶ್ರಾವಣದಲ್ಲಿ ಎದೆಯ ಬೇನೆಯಿಂದ ತೀರಿಕೊಂಡಿದ್ದಳು. ಈಗ ಏಳು ವರ್ಷದ ಮಗಳು ದಾನಮ್ಮ ಕೆಮ್ಮತೊಡಗಿದ್ದಳು. ಸಣ್ಣ ಕೆಮ್ಮು, ಒಣ ಕೆಮ್ಮು. ಆದರೆ ಬಿಡದ ಕೆಮ್ಮು. ಧೂಳಿನಿಂದ ಎಂದು ವೈದ್ಯರು ಹೇಳಿದ್ದರು. ಆ ಮನೆಯನ್ನು ನೋಡಿದ ಯಾರೇ ಆದರೂ ಅದನ್ನೇ ಹೇಳುತ್ತಿದ್ದರು.

ಆ ಮನೆ ಮನೆಯಾಗಿ ಉಳಿದಿರಲಿಲ್ಲ. ಪಡಸಾಲೆಯ ತುಂಬ ಗೋಣಿಚೀಲ, ಹಗ್ಗ ಹರಿದ ಹೊರಸು, ಕೈಕಾಲು ಮುರಿದ ಕುರ್ಚಿಗಳು. ಅಡುಗೆಮನೆಯಲ್ಲಿ ಒಂದರ ಮೇಲೊಂದು ಏರಿದ ಖಾಲಿ ಡಬ್ಬಿಗಳು. ಎಲ್ಲಕ್ಕಿಂತ ಭಯಂಕರವಾದದ್ದು ಒಳಕೋಣೆಯ ರಾಶಿ: ಕಬ್ಬಿಣದ ಟ್ರಂಕುಗಳು, ಅವುಗಳ ಮೇಲೆ ತಾಮ್ರದ ಹಂಡೆ, ಹಂಡೆಯೊಳಗೆ ಬೀಸುವ ಕಲ್ಲಿನ ಎರಡು ಹೋಳು, ಅದರ ಮೇಲೆ ಹಳೆಯ ಹೊಲಿಗೆಯಂತ್ರ. ಇಷ್ಟೆಲ್ಲ ಭಾರದ ಅಡಿಯಲ್ಲಿ ನಾಲಿಗೆಯಂತೆ ಹೊರಚಾಚಿದ್ದು ಕೌದಿಯ ಒಂದು ಅಂಚು.

“ಇದನ್ನೆಲ್ಲಾ ಯಾಕ ಇಟ್ಟೀಯೋ ಸಂಜು?”

“ನಾ ಇಟ್ಟಿದ್ದಲ್ಲಕ್ಕಾ. ಆಕಿನ ಹೇರಿದ್ಲು, ಕಡೀ ಎರಡ ತಿಂಗಳದಾಗ. ನಿಲ್ಲಾಕ ಆಗತಿರಲಿಲ್ಲ, ಆದ್ರೂ ಒಂದೊಂದ ಸಾಮಾನ ತಂದು ಹೇರತಿದ್ಲು. ಯಾಕಂತ ಹೇಳಲಿಲ್ಲ. ತಗೀಬ್ಯಾಡ್ರಿ ಅಂದ್ಲು, ತಗದಿಲ್ಲ.” ಸಂಜೀವಕುಮಾರ ಕಾಲೇಜಿನ ಪ್ರಯೋಗಾಲಯದ ಕೆಲಸಗಾರ, ಮೆದು ಮಾತಿನವನು. ನಾಚಿಕೊಂಡವನಂತೆ ಹೇಳಿದ: “ಆಕಿ ಇಲ್ಲೇ ಅದಾಳಕ್ಕಾ. ಸಂಜಿಕ ನಾ ಬರೂ ಹೊತ್ತಿಗೆ ಅಡಗಿಮನ್ಯಾಗ ಬಳಿ ಸಪ್ಪಳ ಆಗತೈತಿ. ನೀಲಗಿರಿ ಎಣ್ಣಿ ವಾಸನಿ ಬರತೈತಿ. ನಿನಗ ಹುಚ್ಚ ಅನಸಬಹುದು. ನನಗ ಅಷ್ಟ ಸಾಕಾಗೈತಿ.”

ಸುನಂದಾ ಅವನ ತಲೆ ಸವರಿದಳು. ದುಃಖ ಕಿವಿಗೂ ಮೂಗಿಗೂ ಸುಳ್ಳು ಹೇಳುತ್ತದೆಂದು ಅವಳಿಗೆ ತಿಳಿದಿತ್ತು.

ಅವಳು ಕೆಲಸವನ್ನು ಆಸ್ಪತ್ರೆಯ ಶಿಸ್ತಿನಿಂದಲೇ ಆರಂಭಿಸಿದಳು. ಕಾಗದ ಹರಿದು ಚೀಟಿ ಮಾಡಿ, ಪ್ರತಿ ರಾಶಿಗೂ ಒಂದೊಂದು ಅಂಕಿ ಬರೆದು ಅಂಟಿಸಿದಳು. ಮೊಬೈಲಿನ ವಿಡಿಯೊಗಳಲ್ಲಿ ಹಗುರವಾದದ್ದರಿಂದ ಶುರುಮಾಡಿ ಎಂದು ಹೇಳುತ್ತಾರೆ. ರೋಗಿ ಇರುವ ಮನೆಗೆ ಆ ಲೆಕ್ಕ ಹೊಂದುವುದಿಲ್ಲ. ಯಾವುದು ಹೆಚ್ಚು ಧೂಳು ಉಗುಳುತ್ತದೆಯೋ ಅದು ಮೊದಲು. ಹೊರಸಿಗೆ ಮೂರು, ಗೋಣಿಚೀಲಕ್ಕೆ ಎರಡು. ಒಂದು ಎಂದು ಬರೆದ ಚೀಟಿಯನ್ನು ಕೌದಿಯ ಅಂಚಿಗೆ ಅಂಟಿಸಿದಳು.

“ಅದೊಂದ ಕಡೀಕ ತಗಿ ಅಕ್ಕಾ,” ಎಂದ ತಮ್ಮ.

“ಕೂಸಿನ ಕೆಮ್ಮು ಕಡೀತನಕ ಕಾಯೂದಿಲ್ಲಲೋ.”

ಮನೆ ಸಾರಿಸುವಾಗ, ಧೂಳು ಝಾಡಿಸುವಾಗ ಹೆಂಗಸರು ತಮ್ಮ ಸೀರೆ ಹೊಲಸಾಗದಿರಲೆಂದು ಹಗ್ಗದ ಮೇಲಿನ ಯಾವುದಾದರೂ ಹಳೆಯ ಸೀರೆಯನ್ನು ಸುತ್ತಿಕೊಳ್ಳುವುದು ವಾಡಿಕೆ. ಸುನಂದಾ ಹಾಗೆಯೇ ಅಲ್ಲಿ ತೂಗಾಡುತ್ತಿದ್ದ, ಬಣ್ಣಗೆಟ್ಟ ಹಸಿರು ನೂಲಿನ ಸೀರೆಯನ್ನುಟ್ಟು ಬಂದಾಗ ಸಂಜೀವಕುಮಾರ ಅವಳನ್ನು ಕಂಡು, ಮುಖ ಗೋಡೆಯ ಕಡೆ ತಿರುಗಿಸಿ, ಹಾಲು ತರುವ ನೆಪದಲ್ಲಿ ಹೊರಗೆ ಹೋದ.

ಮಧ್ಯಾಹ್ನವೆಲ್ಲ ಅವಳು ಭಾರ ಇಳಿಸಿದಳು. ಹೊಲಿಗೆಯಂತ್ರ ಇಳಿಯಿತು. ಬೀಸುವ ಕಲ್ಲು ಉರುಳಿತು. ಟ್ರಂಕುಗಳು ನೆಲ ಕೆರೆಯುತ್ತ ಪಕ್ಕಕ್ಕೆ ಸರಿದವು. ಕೊನೆಯ ಟ್ರಂಕು ಸರಿದ ಕ್ಷಣ ಕೌದಿ ನಿಧಾನವಾಗಿ ಉಬ್ಬಿತು. ಬಹಳ ಹೊತ್ತು ಉಸಿರು ಕಟ್ಟಿದ್ದ ಜೀವವೊಂದು ಉಸಿರೆಳೆದುಕೊಂಡಂತೆ. ಗಾಳಿ ಹೊಕ್ಕಿರಬೇಕು ಎಂದುಕೊಂಡಳು. ಅದರಿಂದ ಹೊರಟ ವಾಸನೆ ಧೂಳಿನದಾಗಿರಲಿಲ್ಲ. ಅವಳು ಚೆನ್ನಾಗಿ ಬಲ್ಲ ವಾಸನೆ ಅದು. ಬಹಳ ದಿನ ಹಾಸಿಗೆ ಹಿಡಿದವರ ಬಾಯಿಯ ವಾಸನೆ. ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿನವರೆಗೆ ಬಂದ ಹೊಲಿಗೆ, ಅಲ್ಲಿ ಒಂದು ಗೇಣಿನಷ್ಟು ತೆರೆದೇ ಉಳಿದಿತ್ತು. ಆ ಬಾಯಿಯ ಪಕ್ಕದಲ್ಲಿ ಒಂದು ಸೂಜಿ, ದಾರ ಸಮೇತ, ಚುಚ್ಚಿಕೊಂಡೇ ಇತ್ತು.

ಅವಳು ಕೌದಿಯನ್ನು ಹೊತ್ತು ಹಿತ್ತಲಿಗೆ ತಂದು, ತಂತಿಯ ಮೇಲೆ ಹರವಿ, ಕೋಲು ತೆಗೆದುಕೊಂಡು ಬಡಿದಳು.

ಮೊದಲ ಏಟಿಗೇ ಅಡುಗೆಮನೆಯಲ್ಲಿ ಬಳೆಗಳ ಸಪ್ಪಳವಾಯಿತು. ದಾನಮ್ಮ ಆಡುತ್ತಿರಬೇಕು. ಇನ್ನೊಂದು ಏಟು. ಬಳೆಗಳು ಜೋರಾಗಿ ನುಡಿದವು. ಯಾರೋ ಮುಂಗೈಯನ್ನು ಬಾಗಿಲಿಗೆ ಅಪ್ಪಳಿಸುತ್ತಿರುವಂತೆ. ಮತ್ತೊಂದು. ಮಗದೊಂದು. ಕಪ್ಪು ಧೂಳು ಮೋಡದಂತೆ ಎದ್ದು, ನೆಲಕ್ಕಿಳಿಯದೆ, ಬಿಸಿಲಿಗೆ ಚದುರದೆ, ಹಿತ್ತಲ ಬಾಗಿಲಿನೊಳಗೆ ನುಸುಳಿ ಹೋಯಿತು. ಕೌದಿಯಿಂದ ಸೂಜಿ ಜಾರಿ ಬಿತ್ತು. ನಡುವಿನ ದಾರ ತಾನೇ ತಾನಾಗಿ ಒಂದು ಮಾರು ಬಿಚ್ಚಿಕೊಂಡಿತು.

ಬಳೆಯ ಸಪ್ಪಳ ನಿಂತಿತು. ಒಳಗಿನಿಂದ ಬೇರೊಂದು ಸದ್ದು ಕೇಳಿತು.

ಸುನಂದಾ ಓಡಿದಳು. ದಾನಮ್ಮ ಪಡಸಾಲೆಯ ನೆಲದ ಮೇಲೆ ಬಿಲ್ಲಿನಂತೆ ಬಾಗಿ, ಎರಡೂ ಕೈಗಳಿಂದ ಕತ್ತು ಹಿಡಿದುಕೊಂಡಿದ್ದಳು. ತುಟಿ ನೀಲಿಗಟ್ಟಿತ್ತು. ದಾದಿಯ ಕೈಗಳು ತಮ್ಮ ಕೆಲಸ ತಾವು ಮಾಡಿದವು: ಬಾಯಿ ನೋಡಿದವು, ಬೆನ್ನು ತಟ್ಟಿದವು, ಕೆಮ್ಮಿಗೆಂದು ತಂದಿಟ್ಟ ಪಂಪನ್ನು ಬಾಯಿಗಿಟ್ಟು ಒತ್ತಿದವು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದಳು. ಗಾಳಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಆದರೂ ಮಗು ಮುಳುಗುತ್ತಿತ್ತು. ಆ ಗಾಳಿಯನ್ನು ಒಳಗೇ ಯಾರೋ ಕುಡಿದುಬಿಡುತ್ತಿದ್ದರು.

ಹಾಲಿನೊಂದಿಗೆ ಬಂದ ಸಂಜೀವಕುಮಾರ ಪಾತ್ರೆ ಕೆಡವಿ ಗಾಡಿ ತರಲು ಓಡಿದ. ಅವನು ಓಣಿಯ ತಿರುವು ದಾಟುವಷ್ಟರಲ್ಲಿ ಪಶ್ಚಿಮದಿಂದ ಗಾಳಿ ಎದ್ದಿತು. ಎರೆಹೊಲಗಳ ಮಣ್ಣೆಲ್ಲ ಆಕಾಶಕ್ಕೇರಿ, ಇಳಿಹೊತ್ತಿನ ಬೆಳಕು ಆರಿಹೋಯಿತು. ಕರೆಂಟು ಹೋಯಿತು. ಕತ್ತಲೆಯಲ್ಲಿ ಬಾಗಿಲು ತೆರೆದು ಹುಲಿಗೆವ್ವ ಬಂದಳು. ಈ ಸಲ ಹೊಸ್ತಿಲು ದಾಟಿ ಬಂದಳು.

“ಮೊದಲ ಅದನ್ನ ತಗದೇನ?”

“ತಗದ್ನಿ ಆಯಿ,” ಎಂದಳು ಸುನಂದಾ.

“ಈ ಕೂಸಿಗೆ ನಾಕು ವರ್ಷ ಇದ್ದಾಗ ಯಾರೋ ಹೊಸ್ತಿಲ ಕೆಳಗ ಸೂಜಿ ಚುಚ್ಚಿದ ಲಿಂಬಿಹಣ್ಣು ಹುಗದಿದ್ರು. ಯಾರು, ಯಾಕ, ಗೊತ್ತಾಗಲಿಲ್ಲ. ಕೂಸಿನ ಉಸರು ಹಿಂಗ ಹೊಂಟಿತ್ತು. ಮಾಟಾ ತಿರುಗಿ ಕಳಸೂದು ನನ್ನ ಕೈಲೆ ಆಗಲಿಲ್ಲ, ಕೌದ್ಯಾಗ ಹೊಲದ್ನಿ. ಹೊಲಿಯಾಕ ಒಬ್ಬರ ಮೈಮ್ಯಾಲಿನ ಬಟ್ಟಿ ಬೇಕು. ಯಾರ ಬಟ್ಟಿಯೋ ಜಡ್ಡು ಅವರಿಗೆ. ವಿದ್ಯಾವತಿ ತನ್ನ ಸೀರಿ ಹರದು ಕೊಟ್ಲು.” ಮುದುಕಿ ಮಗುವಿನ ಹಣೆ ಮುಟ್ಟಿದಳು. “ಹೊಟ್ಟಿ ಮುಚ್ಚೂದರಾಗ ಆಕಿ ಹಾಸಿಗಿ ಹಿಡದ್ಲು, ಮೈಯಾಗ ಕೊಡಾಕ ಏನೂ ಉಳೀಲಿಲ್ಲ. ಮುಚ್ಚಾಕ ಇನ್ನೊಬ್ಬರ ಬಟ್ಟಿ ಬ್ಯಾಡ ಆಯಿ, ನಾ ಒಬ್ಬಾಕಿ ಸಾಕು, ಮ್ಯಾಲ ಭಾರ ಹೇರತೇನಿ ಅಂದ್ಲು.”

ಎಂಟು ತಿಂಗಳಿನಿಂದ ಊರವರು ಹಾಳು ರಾಶಿಯೆಂದು ನೋಡುತ್ತಿದ್ದದ್ದು, ಸಾಯುತ್ತಿದ್ದ ತಾಯಿಯೊಬ್ಬಳು ಮಗಳ ಸಾವಿನ ಮೇಲೆ ಎಳೆದೆಳೆದು ಇಟ್ಟ ಮುಚ್ಚಳವಾಗಿತ್ತು. ಸುನಂದಾ ಅದನ್ನು ಒಂದು ಮಧ್ಯಾಹ್ನದಲ್ಲಿ ತೆರೆದಿದ್ದಳು.

“ಈಗ ಏನ ಮಾಡೂದು?”

“ಹೊಟ್ಟಿ ತುಂಬಿ ಬಾಯಿ ಹೊಲೀಬೇಕು. ಬಟ್ಟಿ ಯಾರದು?”

“ನಂದು.”

“ತಿಳಕೊಂಡು ಹೇಳು ತಂಗಿ. ಅದು ನಿನಗ ಬರತೈತಿ.”

“ಬರಲಿ.”

ಕೌದಿಯನ್ನು ಒಳಗೆ ಎಳೆದು ತಂದರು. ಕತ್ತಲೆಯಲ್ಲಿ ಅದು ಬೆಚ್ಚಗಿತ್ತು. ಸುನಂದಾ ಉಟ್ಟ ಸೀರೆಯ ಸೆರಗನ್ನು ಹಲ್ಲಿನಿಂದ ಕಚ್ಚಿ ಹರಿದಳು. ಕೌದಿ ಮುಗಿಸುವಾಗ ಅದರ ಹೊಟ್ಟೆ ತುಂಬಿಸುವ ವಾಡಿಕೆಯಂತೆ ಹುಲಿಗೆವ್ವ ಅಡುಗೆಮನೆಯ ಬುಟ್ಟಿಯಿಂದ ರೊಟ್ಟಿಯ ಚೂರೊಂದನ್ನು ತಂದು, ಆ ಬಾಯಿಯೊಳಗೆ ತುರುಕಿದಳು. ಒಳಗಿನಿಂದ ಅದನ್ನು ಏನೋ ಎಳೆದುಕೊಂಡಿತು. ಹಿತ್ತಲ ಮಣ್ಣಿನಲ್ಲಿ ತಡಕಿ ತಂದ ಸೂಜಿದಾರ ಹಿಡಿದು, ಹರಿದ ತುಂಡನ್ನು ಆ ಬಾಯಿಯ ಮೇಲೆ ಮುಚ್ಚಿ ಸುನಂದಾ ಹೊಲಿಯತೊಡಗಿದಳು.

ಒಂದು ಹೊಲಿಗೆ. ಮಗುವಿನ ಗಂಟಲಲ್ಲಿ ಗೊರಗೊರ ಸದ್ದು. ಎರಡು. ಬಟ್ಟೆ ಒದ್ದೆಯಾಗಿತ್ತು, ಸೂಜಿ ಹೊಗದು. ಒತ್ತಿದಳು. ಹೊಗಲಿಲ್ಲ. ಮಗುವಿನ ಸದ್ದು ನಿಂತಿತು. ಏನೂ ಇಲ್ಲ. ಗಾಳಿ ಮಾತ್ರ. ಒತ್ತಿದಳು. ದೇವರೇ. ಒತ್ತಿದಳು.

ಆಗ ನೀಲಗಿರಿ ಎಣ್ಣೆಯ ವಾಸನೆ ಬಂದಿತು.

ಬಳೆಗಳು ಅಡುಗೆಮನೆಯಿಂದ ಹೊರಟವು. ಪಡಸಾಲೆ ದಾಟಿದವು. ಹತ್ತಿರ ಬಂದವು. ಪಕ್ಕದಲ್ಲಿ ಕೂತವು. ಅವಳ ಬೆರಳುಗಳ ಮೇಲೆ ತಣ್ಣನೆಯ ಬೆರಳುಗಳು ಕೂತವು. ಸೂಜಿ ಹೊಕ್ಕಿತು. ಮೂರು. ನಾಲ್ಕು. ಅವಳು ಹೊಲಿಯುತ್ತಿರಲಿಲ್ಲ, ಅವಳ ಕೈ ಹೊಲಿಯುತ್ತಿತ್ತು. ಐದು. ಕಿವಿಯ ಬಳಿ ಯಾರೋ ಉಸಿರೆಳೆದುಕೊಂಡರು. ದೀರ್ಘವಾಗಿ, ನೀರಿಗೆ ಧುಮುಕುವವರು ಎಳೆದುಕೊಳ್ಳುವಂತೆ. ಆರು. ಗಂಟು.

ಆ ಉಸಿರು ಹೊರಗೆ ಬರಲಿಲ್ಲ.

ದಾನಮ್ಮ ಕೆಮ್ಮಿದಳು. ಒಮ್ಮೆ ಬಿಕ್ಕಿದಳು. ನಂತರ ಅಳತೊಡಗಿದಳು, ತುಂಬು ಎದೆಯ, ಗಟ್ಟಿ ದನಿಯ ಅಳು. ಸುನಂದಾ ಗೋಡೆಗೊರಗಿ ತನ್ನ ಸರದಿಗಾಗಿ ಕಾದಳು. ಎದೆ ಬಿಗಿಯಲಿಲ್ಲ. ಕೆಮ್ಮು ಬರಲಿಲ್ಲ. ಕರೆಂಟು ಬಂತು. ಬೆಳಕಿನಲ್ಲಿ ಹುಲಿಗೆವ್ವ ಮೊದಲು ಕೌದಿಯ ನಡುವಿನ ಹಸಿರು ತುಂಡನ್ನು ನೋಡಿದಳು, ಆಮೇಲೆ ಸುನಂದಾ ಉಟ್ಟದ್ದನ್ನು ನೋಡಿದಳು.

“ಈ ಸೀರಿ ಯಾರದು?”

ಸುನಂದಾ ಬಗ್ಗಿ ನೋಡಿಕೊಂಡಳು. ಹರಿದ ಸೆರಗು ಅವಳ ಕೈಯಿಂದ ಜಾರಿತು.

“ಸತ್ತಾಕೀನ ಎರಡನೇ ಸಲ ಕರದೆಲ್ಲ ತಂಗಿ,” ಎಂದು ಮುದುಕಿ ನೆಲಕ್ಕೆ ಕೂತಳು. “ಆಕಿನೂ ಬಂದ್ಲು ನೋಡು. ಒಂದ ಮಾತ ಕೇಳಲಿಲ್ಲ, ಬಂದು ಇದರಾಗ ಸೇರಿಬಿಟ್ಲು.”

ಸಂಜೀವಕುಮಾರ ಗಾಡಿ ತಂದಾಗ ಮಗಳು ಹಾಲು ಕೇಳುತ್ತಿದ್ದಳು. ಅವನು ಅವಳನ್ನು ಎತ್ತಿ ಎದೆಗಪ್ಪಿಕೊಂಡ, ಹಾಗೆಯೇ ನಿಂತ. ಮೂಗಿನ ಹೊಳ್ಳೆಗಳು ಅರಳಿದವು. ಅಡುಗೆಮನೆಗೆ ಹೋದ, ಒಳಕೋಣೆಗೆ ಹೋದ, ಹಗ್ಗದ ಮೇಲಿನ ಬಟ್ಟೆಗಳಿಗೆ ಮುಖ ಹಚ್ಚಿದ. ನೀಲಗಿರಿಯ ವಾಸನೆ ಎಲ್ಲೂ ಸಿಗಲಿಲ್ಲ. ತಿರುಗಿ ಬಂದು ಅಕ್ಕನನ್ನು ನೋಡಿದ. ಸುನಂದಾ ಹೇಳಿದಳು, ಒಂದನ್ನೂ ಬಚ್ಚಿಡದೆ ಹೇಳಿದಳು.

ಹೊಲಿದು ಮುಗಿದ ಕೌದಿಯನ್ನು ಹುಲಿಗೆವ್ವ ತನ್ನ ಮನೆಗೆ ಹೊತ್ತುಕೊಂಡು ಹೋದಳು. ಎರಡು ದಿನ ಸಂಜೀವಕುಮಾರ ಸಂಜೆ ಕೆಲಸದಿಂದ ಬಂದವನು ಬಾಗಿಲಲ್ಲಿ ನಿಂತು ಕಿವಿಗೊಡುತ್ತಿದ್ದ, ಕತ್ತಲಾಗುವವರೆಗೆ ನಿಲ್ಲುತ್ತಿದ್ದ. ಮೂರನೆಯ ಬೆಳಿಗ್ಗೆ ಅವನೇ ಹೋಗಿ ಮೋಡಕಾ, ಅಂದರೆ ಗುಜರಿ ಸಾಮಾನು ಕೊಳ್ಳುವ ಇಸಾಕನನ್ನು, ಅವನ ತಳ್ಳುಗಾಡಿ ಸಮೇತ, ಕರೆದುಕೊಂಡು ಬಂದ.

“ಯಾವದು ಮೊದಲ ಹಾಕಲಿರಿ?” ಎಂದ ಇಸಾಕ.

“ಯಾವದು ಕೈಗೆ ಸಿಗತೈತೋ ಅದು.”

ಟ್ರಂಕು ಹೋಯಿತು. ಹಂಡೆ ಹೋಯಿತು. ಹೊಲಿಗೆಯಂತ್ರ ಹೋಯಿತು. ಹಸಿರು ಸೀರೆಯೂ, ಅದರ ಜೊತೆಗಿನ ಸೀರೆಗಳೂ ಒಂದು ಗಂಟಾಗಿ ಹೋದವು. ಅಂಕಿಯ ಚೀಟಿಗಳು ಸಾಮಾನುಗಳಿಗೆ ಅಂಟಿಕೊಂಡೇ ಬಾಗಿಲು ದಾಟಿದವು. ಒಂದು ಡಬ್ಬಿಯಲ್ಲಿ ವಿದ್ಯಾವತಿಯ ಹಣಿಗೆ, ಕನ್ನಡಿ, ಅರ್ಧ ಮುಗಿದ ಕುಂಕುಮದ ಭರಣಿ ಇದ್ದವು. ಸುನಂದಾ ಅದನ್ನು ಎದೆಗವಚಿಕೊಂಡು ಅಡ್ಡ ನಿಂತಳು.

“ಇದೊಂದ ಇರಲಿ ಸಂಜು. ಕೂಸಿಗರ ಬೇಕಾಗತೈತಿ. ನಿನ್ನ ಕಾಲಿಗೆ ಬೀಳತೇನಿ.”

“ಏನಂತ ಇಟ್ಕೊಳ್ಳಲಿ ಅಕ್ಕಾ?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. “ಇಷ್ಟ ದಿವಸ ಇವೆಲ್ಲಾ ಆಕೀವಾಗಿದ್ದವು. ಈಗ ಬರೇ ಸಾಮಾನ.”

ಅವನು ಅವಳ ಬೆರಳುಗಳನ್ನು ಒಂದೊಂದಾಗಿ, ನೋಯಿಸದಂತೆ ಬಿಡಿಸಿ, ಡಬ್ಬಿಯನ್ನು ಗಾಡಿಗೆ ಹಾಕಿದ. ಇಸಾಕ ಹಗ್ಗ ಬಿಗಿದ.

ಒಳಗೆ ಗೋಡೆಯಿಂದ ಗೋಡೆಗೆ ಬರಿಯ ನೆಲ. ದಾನಮ್ಮ ಅದರ ನಡುವೆ ನಿಂತು ತನ್ನ ಕಾಲಿನ ಸದ್ದು ಕೇಳಿ ಬೆರಗಾದಳು. ಇಲ್ಲಿಂದ ಅಲ್ಲಿಗೆ ಓಡಿದಳು, ಅಲ್ಲಿಂದ ಇಲ್ಲಿಗೆ ಓಡಿದಳು. ಒಮ್ಮೆಯೂ ಏದುಸಿರು ಬಿಡಲಿಲ್ಲ.

“ಅಪ್ಪಾ, ನಮ್ಮ ಮನಿ ಎಷ್ಟ ದೊಡ್ಡದೈತಿ ನೋಡಿಲ್ಲೆ. ಕೂಗಿದ್ರ ತಿರುಗಿ ಕೂಗತೈತಿ.”

ಅವಳು ಎದೆ ತುಂಬ ಉಸಿರೆಳೆದುಕೊಂಡು, “ಅವ್ವಾ,” ಎಂದು ಕೂಗಿದಳು. ಖಾಲಿ ಕೋಣೆಗಳು ಅವಳದೇ ದನಿಯನ್ನು ಅವಳಿಗೆ ಹಿಂದಿರುಗಿಸಿದವು.