ಗಗನ ಮಹಲಿನ ಮುಂದೆ ಸಿಕ್ಕ ಹುಡುಗಿ

ಆನೆಗೊಂದಿಯ ಗಗನ ಮಹಲಿನ ಮುಂದೆ ನಿನಗೆ ನೋಡಿದ ಹುಡುಗಿ ಹಳದಿ ಚೂಡಿದಾರದಲ್ಲಿ ಇರುತ್ತಾಳೆ, ಹೋಗಿ ಮಾತಾಡಿಸು ಎಂದು ಹೇಳಿ ಅವ್ವ ಪಾರ್ವತೆಮ್ಮ ಗುಡಿಗೆ ಹೋಗಿದ್ದಳು. ಗವಿಸಿದ್ದೇಶ ಹೋದ. ಹಳದಿ ಚೂಡಿದಾರ ಇತ್ತು.

"ಬಂದ್ರ್ಯಾ? ನಿಮ್ಮ ದಾರಿನ ಕಾಯಾಕತ್ತಿದ್ದೆ," ಎಂದು ಅವಳು ನಕ್ಕಳು. ಗಂಗಾವತಿಯಲ್ಲಿ ರೈಸ್ ಮಿಲ್ಲಿನ ಬಿಡಿಭಾಗ ಮಾರುವ ಗವಿಸಿದ್ದೇಶನ ಎದೆಯೊಳಗೆ ಒಂದು ಮಿಲ್ಲೇ ಶುರುವಾಯಿತು.

ಹೆಸರು ಅಮೃತಾ, ಕುಷ್ಟಗಿಯಲ್ಲಿ ಟೀಚರ್ ಎಂದಳು. ಅವ್ವ ಹೇಳಿದ ಹೆಸರು ಐಶ್ವರ್ಯ ಅಂತಿತ್ತಲ್ಲ ಅನ್ನಿಸಿತು. ಆದರೆ ಆ ಕಣ್ಣುಗಳ ಮುಂದೆ ಅವನಿಗೆ ತನ್ನ ಹೆಸರೇ ಸರಿಯಾಗಿ ನೆನಪಿರಲಿಲ್ಲ.

"ಇದಕ್ಕ ಗಗನ ಮಹಲ್ ಅಂತ ಯಾಕ ಅಂತಾರ್ರಿ?"

ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡ. "ರಾಜರು ಇಲ್ಲಿ ಕುಂತು ಆಕಾಶ ನೋಡ್ತಿದ್ರು."

"ಹಗಲಿನ್ಯಾಗೋ, ರಾತ್ರ್ಯಾಗೋ?"

"ಹಗಲಿನ್ಯಾಗ ಬಿಸಲಿರ್ತೈತಲ್ರಿ... ರಾತ್ರ್ಯಾಗ."

"ಕತ್ತಲಾಗ ಏನ್ ಕಾಣತೈತಿ?"

"ರಾಣಿ ಕಾಣ್ತಾಳ್ರಿ."

ಅಮೃತಾ ದುಪಟ್ಟಾದ ತುದಿ ಕಚ್ಚಿ ನಗು ತಡೆದಳು. ಹೊಳೆದಂಡೆಗೆ ಬಂದಾಗ ನೀರಿನ ನಡುವಿನ ಕಲ್ಲುಮಂಟಪ ತೋರಿಸಿ, ಅದನ್ನು ಯಾಕೆ ಅಲ್ಲಿ ಕಟ್ಟಿದರು ಎಂದು ಕೇಳಿದಳು.

"ಮೀನಿಗೂ ನೆಳ್ಳು ಬೇಕಲ್ರಿ."

ಈ ಸಲ ನಗು ತಡೆಯಲಿಲ್ಲ. ಅವಳ ಕೆನ್ನೆಯ ಗುಳಿ ನೋಡುತ್ತಾ ಗವಿಸಿದ್ದೇಶ ಜಾರುವ ಬಂಡೆಯ ಮೇಲೆ ಕಾಲಿಟ್ಟ. ಅವಳೇ ಕೈ ಹಿಡಿದು ನಿಲ್ಲಿಸಿದಳು. ಬಿಡುವುದು ಇಬ್ಬರಿಗೂ ತುಸು ತಡವಾಯಿತು.

ಅಷ್ಟರಲ್ಲಿ ಫೋನ್ ಬಂತು. ಅವನು ಪಕ್ಕಕ್ಕೆ ತಿರುಗಿ ಪಿಸುಗುಟ್ಟಿದ: "ಅವ್ವಾ, ಹುಡುಗಿ ಭಾಳ ಮನಸಿಗೆ ಬಂದಾಳ."

"ಯಾವ ಹುಡುಗಿನೋ?" ಪಾರ್ವತೆಮ್ಮನ ದನಿ ಹೊಳೆಯ ಆಚೆ ದಡಕ್ಕೂ ಕೇಳುವಂತಿತ್ತು. "ಐಶ್ವರ್ಯ ಇನ್ನೂ ಇಲ್ಲೇ ಗುಡ್ಯಾಗ ನನ್ನ ಬಾಜೂಕ ಕುಂತಾಳ!"

ಅಮೃತಾ ಕಣ್ಣರಳಿಸಿದಳು. "ನೀವು ಗೈಡ್ ಅಲ್ಲೇನ್ರಿ?"

"ನೀವು ಕನ್ಯಾ ಅಲ್ಲೇನ್ರಿ?"

ಸಾಲೆಯ ಮಕ್ಕಳನ್ನು ಕರೆತರುವ ಮೊದಲು ಊರು ನೋಡಲು ಬಂದಿದ್ದೆ ಎಂದಳು. ಮುಖ ಕೆಂಪಾಗಿತ್ತು. "ಹೋಗ್ರಿ, ಅವರು ಕಾಯಾಕತ್ತಾರ."

"ಹೋಗ್ತೀನಿ. ಆದರ ಹೂಂ ಅನ್ನೂದಿಲ್ರಿ. ಇವತ್ತು ಹೇಳಿದ ಸುಳ್ಳು ಸಾಕು."

ಗುಡಿಯಲ್ಲಿ ಗವಿಸಿದ್ದೇಶ ಐಶ್ವರ್ಯಳಿಗೂ ಅವಳಪ್ಪನಿಗೂ ಕೈಮುಗಿದು ನಡೆದದ್ದನ್ನು ಹೇಳಿಬಿಟ್ಟ. ಅಪ್ಪ ಧೋತರ ಕೊಡವಿ ಎದ್ದ. ಐಶ್ವರ್ಯ ಮಾತ್ರ ಹೋಗುವಾಗ, "ಮೊದಲ ಹೇಳಿದ್ದು ಛಲೋ ಆತ್ರಿ," ಎಂದಳು.

ಅವನು ಓಡುತ್ತಾ ದಂಡೆಗೆ ಬಂದ. ಅಮೃತಾ ಅಲ್ಲೇ ಇದ್ದಳು. ತಡವಾಗಿ ಬಂದ ಖರೇ ಗೈಡ್ ಚಾಂದಸಾಬನನ್ನು ಚಹಾ ಕುಡಿದು ಬರಲು ಕಳಿಸಿದ್ದಳು.

"ನಿಮ್ಮವ್ವಾರು ಏನಂದ್ರು?"

"ಮಾತ ಆಡವಲ್ಲಳ್ರಿ."

"ನಡೀರಿ, ನಾನೂ ಬರ್ತೀನಿ."

"ಬಂದು ಏನಂತ ಹೇಳ್ತೀರಿ?"

"ಏನಂತ ಹೇಳಬೇಕು?"

ಗವಿಸಿದ್ದೇಶ ಒಂದು ಹೆಜ್ಜೆ ಹತ್ತಿರ ಬಂದ. "ನನಗ ನೀವ ಬೇಕಂತ."

ಅಮೃತಾ ಹೊಳೆಯ ಕಡೆ ಮುಖ ತಿರುಗಿಸಿದಳು. ಗುಳಿ ಬಿದ್ದ ಕೆನ್ನೆ ಅವನ ಕಡೆಗೇ ಇತ್ತು.

"ಅದನ್ನ ನೀವ ಹೇಳ್ರಿ," ಎಂದಳು. "ನಾನು ಬಾಜೂಕ ನಿಂತಿರ್ತೀನಿ."