ಡಬ್ಬ ಅದೇ, ಕಾರ್ಡು ಬೇರೆ

ದುರ್ಗಿಗುಡಿಯ ಕಂಪ್ಯೂಟರ್ ಅಂಗಡಿಗೆ ನುಗ್ಗಿದ ರಶ್ಮಿ, ಹೊತ್ತು ತಂದಿದ್ದ ಸಿಪಿಯುವನ್ನು ಕೌಂಟರ್ ಮೇಲೆ ಕುಕ್ಕಿದಳು.

“ಇದರೊಳಗಿನ ವಿಡಿಯೋ ಕಾರ್ಡನ್ನ ಮಾವನ್ನ ಕಳಿಸಿ ನಿಮ್ಮಲ್ಲೇ ತರಿಸಿದ್ದು. ಮದುವೆ ವಿಡಿಯೋ ಎಡಿಟಿಂಗ್‌ಗೆ ಈ ಕಾರ್ಡೇ ಫಾಸ್ಟು ಅಂತ ಇಂಟರ್‌ನೆಟ್ಟಲ್ಲಿ ಬರೆದಿದ್ರು. ಆಮೆ ಥರ ನಡೀತಿದೆ ನೋಡಿ.”

ಮಾಲೀಕ ಕೊಟ್ರಬಸಪ್ಪ ನಕ್ಕರು. “ಅದನ್ನ ಬರೆದಿದ್ದು ನಮ್ಮ ರೇಣುಕಾಪ್ರಸಾದೇ ಕಣಮ್ಮ. ಅಗೋ, ಅಲ್ಲೇ ನಿಂತಿದಾನೆ.”

ಸ್ಕ್ರೂಡ್ರೈವರ್ ಹಿಡಿದ ಯುವಕ ಬಿಳಿಚಿಕೊಂಡಿದ್ದ.

ಇವನೇನಾ...? ತಿಂಗಳುಗಟ್ಟಲೆ ಭದ್ರಾವತಿಯ ಸೈಬರ್ ಕೆಫೆಯಲ್ಲಿ ಕೂತು, ಆ ಬರಹ ಓದಿ ಅವಳು ಮೇಲ್ ಬರೆಯುತ್ತಿದ್ದುದು ಇವನಿಗೇ. ಕಂಪನಿಯವರ ಜಾಹೀರಾತು ನಂಬಬೇಡಿ, ಎರಡು ಕಾರ್ಡಿನಲ್ಲೂ ಒಂದೇ ಕ್ಯಾಸೆಟ್ ಓಡಿಸಿ ನೋಡಿ ಎಂದು ಹೇಳಿಕೊಟ್ಟವನು. ಅಪ್ಪ ತೀರಿಕೊಂಡ ಮೇಲೆ ಒಬ್ಬಳೇ ಸ್ಟುಡಿಯೋ ನಡೆಸುತ್ತಿದ್ದವಳನ್ನು ‘ಊಟ ಆಯ್ತಾ’ ಎಂದು ಕೇಳುತ್ತಿದ್ದ ಒಬ್ಬನೇ ಒಬ್ಬ. ಹೆಸರು ಮಾತ್ರ ಹೇಳಿರಲಿಲ್ಲ. ಮುಖವನ್ನೇ ನೋಡದೆ ಮನಸ್ಸು ಕೊಟ್ಟುಬಿಟ್ಟಿದ್ದಳು, ಪೆದ್ದಿ!

“ಅಂಗಡಿಯವರು ಅಂತ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಂಬ್ತಿರ್ಲಿಲ್ಲ ಅಂತ... ಆದ್ರೆ ನಾನು ಟೆಸ್ಟ್ ಮಾಡಿದ್ದು ಸುಳ್ಳಲ್ಲ ರೀ.”

“ಸಾಕು. ಊಟ ಆಯ್ತಾ ಅಂತ ಕೇಳಿದ್ದೂ ವ್ಯಾಪಾರಕ್ಕೇನಾ?”

ಉತ್ತರಕ್ಕೆ ಕಾಯದೆ ಸಿಪಿಯು ಎತ್ತಿಕೊಂಡು ಹೊರಟಳು. ಬಸ್ಸಿನಲ್ಲಿ ಭದ್ರಾವತಿ ಬರುವವರೆಗೂ ಅವಳು ವೇಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಆಮೇಲಿನ ದಿನಗಳೆಲ್ಲ ಮಂಕು. “ಮಗಳು ಬಸುರಿಯಾದ್ಲು ಮಾರಾಯ್ತಿ, ಅವಳ ಮದುವೆ ಕ್ಯಾಸೆಟ್ ಇನ್ನೂ ಕೈಗೆ ಬರ್ಲಿಲ್ಲ” ಎಂದು ಷಣ್ಮುಖಪ್ಪನವರು ರೇಗಿ ಹೋದರು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಸ್ಟುಡಿಯೋ ಹಿಡಿದರು. ಅಪ್ಪ ಹಾಕಿಸಿದ್ದ ಬೋರ್ಡು ಇಳಿಸಬೇಕಾಗುತ್ತದೇನೋ ಎನಿಸಿತು ಅವಳಿಗೆ. ಆದರೂ ಕಂಪ್ಯೂಟರಿಗಿಂತ ಹೆಚ್ಚಾಗಿ ನೋಯಿಸುತ್ತಿದ್ದುದು ಅವನೇ.

ಅವನ ಮೇಲ್‌ಗಳನ್ನೆಲ್ಲ ಅಳಿಸಿಬಿಡೋಣವೆಂದು ಒಂದು ದಿನ ಸೈಬರ್‌ಗೆ ಹೋದಳು. ಅವನು ಬರೆಯುತ್ತಿದ್ದ ಪುಟದಲ್ಲಿ ಹೊಸದೇನೋ ಇತ್ತು.

‘ನನ್ನಿಂದ ತಪ್ಪಾಗಿದೆ. ನಾನು ಟೆಸ್ಟ್ ಮಾಡಿದ್ದು ಮೊದಲು ಬಂದ ಕಾರ್ಡನ್ನು. ಆಮೇಲಿನ ಸ್ಟಾಕಿನಲ್ಲಿ ಡಬ್ಬ ಅದೇ, ಒಳಗಿನ ಮೆಮೊರಿ ಮಾತ್ರ ಕಳಪೆ. ಎರಡನ್ನೂ ಓಡಿಸಿ ನೋಡಿದ್ದೇನೆ. ಇದನ್ನು ಮಾರುತ್ತಿರುವವನೂ ನಾನೇ. ಹೆಸರು ರೇಣುಕಾಪ್ರಸಾದ್. ದಯವಿಟ್ಟು ನಮ್ಮ ಅಂಗಡಿಯಲ್ಲಿ ಕೊಳ್ಳಬೇಡಿ.’

ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡನಲ್ಲ ಪುಣ್ಯಾತ್ಮ!

ಅಂಗಡಿಯಲ್ಲಿ ವಿಚಾರಿಸಿದರೆ, “ಅವನನ್ನ ಕೆಲಸದಿಂದ ಬಿಡಿಸಿದೀನಿ, ಮಾಚೇನಹಳ್ಳೀಲಿ ಹುಡುಕ್ಕೋ ಹೋಗು” ಎಂದು ಕೊಟ್ರಬಸಪ್ಪ ಮುಖ ತಿರುಗಿಸಿದರು.

ಮಾಚೇನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಅವನು ಸುಟ್ಟ ಮೋಟಾರಿಗೆ ತಂತಿ ಸುತ್ತುತ್ತಿದ್ದ. ಇಳಿದುಹೋಗಿದ್ದ.

“ಕೆಲಸ ಕಳ್ಕೊಂಡ್ರಲ್ಲ... ಯಾಕೆ ಬರೆದ್ರಿ?”

“ನನ್ನ ನಂಬಿ ನೀವು ಕೆಟ್ರಿ. ಇನ್ನೊಬ್ರು ಕೆಡೋದು ಬೇಡ ಅಂತ.”

ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕಾರ್ಡೊಂದನ್ನು ಚೀಲದಿಂದ ತೆಗೆದು ಅವಳ ಮುಂದಿಟ್ಟ. “ಇದು ಆ ಮೊದಲಿನದು. ನನ್ನ ಸ್ವಂತದ್ದು. ನಿಮಗೆ ಕೊಡ್ಬೇಕು ಅಂತಿದ್ದೆ, ಬರೋಕೆ ಮುಖ ಇರ್ಲಿಲ್ಲ.”

ರಶ್ಮಿಯ ಕಣ್ಣು ತುಂಬಿತು. “ಇನ್ನು ನಾನು ಯಾರ ಮಾತು ನಂಬ್ಲಿ ಹೇಳಿ.”

“ಯಾರದ್ದೂ ಬೇಡ, ನಂದೂ ಬೇಡ. ನಿಮ್ಮ ಮಷೀನಿಗೆ ಹಾಕಿ, ನಿಮ್ಮ ಕ್ಯಾಸೆಟ್ಟೇ ಓಡಿಸಿ ನೋಡಿ.”

“ನಾನು ಕೇಳಿದ್ದು ಕಾರ್ಡಿನ ವಿಷಯ ಅಲ್ಲ.”

ಅವನು ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ.

“ಅದನ್ನೂ... ಜೊತೆಗಿದ್ದೇ ನೋಡ್ಬೇಕು ರಶ್ಮಿ.”

ಅವಳು ವೇಲಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು.

“ಊಟ ಆಯ್ತಾ?”

“ಇಲ್ಲ.”

“ಬನ್ನಿ ಹಾಗಾದ್ರೆ. ಭದ್ರಾವತಿ ಬಸ್ಸು ಬರೋ ಹೊತ್ತಾಯ್ತು.”